ಮುಟ್ಟಾಳೆ ಮತ್ತು ಹನ್ನೊಂದನೇ ಕಲಮು

ಸಮಸ್ತ ಕಲಾಭಿಮಾನಿಗಳ ಗಮನಕ್ಕೆ ತರುವುದೇನೆಂದರೆ, ೧೯೬೪ನೇ ಇಸವಿ ಮಾರ್ಚ್ ಎಂಟನೇ ತಾರೀಕು ಆದಿತ್ಯವಾರ, ಪುತ್ತೂರು ತಾಲೂಕು ಕಲ್ಲುಪದವಿನ ಶ್ರೀ ವಾಗ್ವಿಲಾಸ ಕಲಾಭ್ಯುದಯ ಸಂಘದ ಕಾರ್ಯಕಾರಿ ಸಮಿತಿಯು ಮೂರು ಗಂಟೆ ಕಾಲ ಸಮಾಲೋಚಿಸಿ, ಎರಡು ಸುತ್ತು ಕಾಫಿ ಕುಡಿದು, ಸರ್ವಾನುಮತದಿಂದ ಒಂದು ಠರಾವು ಪಾಸು ಮಾಡಿತು. ಅದರ ಒಕ್ಕಣೆ: ‘ಹಳೆಯದೂ ಬೆವರು ಹಿಡಿದದ್ದೂ ಅಂಚು ಸೀಳಿದದ್ದೂ ಆದ ಮುಟ್ಟಾಳೆ ಒಂದನ್ನು ಸಂಘದ ವತಿಯಿಂದ ಸಂಪಾದಿಸತಕ್ಕದ್ದು. ಬೆವರು ಅಸಲಿ ಆಗಿರತಕ್ಕದ್ದು.’

ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೊಪ್ಪಿ. ಊರಲ್ಲಿ ಹೊರೆ ಹೊರುವ ತಲೆಗಳ ಮೇಲೆಲ್ಲ ಒಂದೊಂದು ಇರುತ್ತದೆ. ಹೊರೆ ಹೊರಿಸುವ ತಲೆಗಳ ಮೇಲೆ ಇರುವುದಿಲ್ಲ. ಹಾಗಾಗಿ ಸಮಿತಿಯ ಆರು ತಲೆಗಳಲ್ಲಿ ಒಂದರ ಹತ್ತಿರವೂ ಅದು ಇರಲಿಲ್ಲ.

ಬೇಕಾದದ್ದು ನಾಟಕಕ್ಕೆ. ಮಾರ್ಚ್ ಮೂವತ್ತೊಂದಕ್ಕೆ ಸಂಘದವರು ‘ಸಮತಾ ಸೂರ್ಯೋದಯ’ ಎಂಬ ಸಾಮಾಜಿಕ ನಾಟಕ ಆಡುವವರಿದ್ದರು. ಅಸ್ಪೃಶ್ಯತೆಯ ಕಳಂಕವನ್ನು ಮೂರು ಅಂಕಗಳಲ್ಲಿ ತೊಳೆದು ಒಣಗಿಸುವ ನಾಟಕ. ಅದರಲ್ಲಿ ಹರಿಜನ ನಾಯಕನ ಪಾತ್ರ ಸಂಘದ ಅಧ್ಯಕ್ಷರಾದ ಗೌರೀಶಂಕರ ರಾಯರದ್ದು. ಹೊಳೆಬದಿಯಿಂದ ಗುಡ್ಡದ ಬುಡದವರೆಗೆ ತೋಟ ಇರುವವರು. ಅವರ ಪ್ರಾಯ ನಲವತ್ತೇಳು, ಪಾತ್ರದ ಪ್ರಾಯ ಇಪ್ಪತ್ತೆರಡು. ಪ್ರಾಯಕ್ಕೆ ಬಣ್ಣ ಸಾಕು, ಬೆವರಿಗೆ ಬಣ್ಣ ಸಾಲದು ಎಂದು ರಾಯರೇ ಹೇಳಿದ್ದರು. ಕಲೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಠರಾವು ಜಾರಿ ಮಾಡಲಿಕ್ಕೆ ಕಾರ್ಯದರ್ಶಿ ಕೃಷ್ಣಮೋಹನ ಮಾಷ್ಟ್ರು ಪದವಿಗೆ, ಅಂದರೆ ಊರ ಮೇಲಿನ ಬೋಳು ಕಲ್ಲುಬಯಲಿಗೆ, ಬಂದರು. ಅಲ್ಲಿ ತನಿಯ ಕೆಂಪು ಮುರಕಲ್ಲು ಹೊರುತ್ತಿದ್ದ. ನಾಟಕದ ವೇದಿಕೆಗೆ ಇನ್ನೂರು ಕಲ್ಲು ಬೇಕು. ಕಲ್ಲು ಕಡಿದದ್ದೂ ಅವನೇ. ಹೊರುವುದೂ ಅವನೇ. ಎಡಗಾಲಲ್ಲಿ ಎರಡು ಬೆರಳು ಇಲ್ಲದ ಕಾರಣ ಹೆಜ್ಜೆ ಒಂದು ಬದಿಗೆ ವಾಲುತ್ತಿತ್ತು. ತಲೆಯ ಮೇಲಿನ ಕಲ್ಲು ವಾಲುತ್ತಿರಲಿಲ್ಲ.

“ತನಿಯಾ, ನಿನ್ನ ಮುಟ್ಟಾಳೆ ಬೇಕಲ್ಲ.”

“ಎಂತಕ್ಕೆ ಮಾಷ್ಟ್ರೆ?”

“ರಾಯರಿಗೆ. ತಲೆಗೆ ಇಡ್ಲಿಕ್ಕೆ.”

ತನಿಯ ಕಲ್ಲು ಇಳಿಸಿದ. “ರಾಯರು ಕಲ್ಲು ಹೊರ್ತಾರಾ?”

“ನಾಟಕಕ್ಕೆ ಮಾರಾಯ. ಅದರಲ್ಲಿ ಅವರು ನಿಮ್ಮ ಜನದವ ಆಗುದು. ಎರಡು ಗಂಟೆ ಹೊತ್ತು.”

“ಎರಡು ಗಂಟೆ ಸಾಕಾ?” ತನಿಯ ಕೇಳಿದ.

ಮಾಷ್ಟ್ರಿಗೆ ಇದು ಕುಶಾಲೋ ಅಲ್ಲವೋ ಗೊತ್ತಾಗಲಿಲ್ಲ. ತನಿಯ ಮುಟ್ಟಾಳೆ ತೆಗೆದು ನೆಲದ ಮೇಲಿಟ್ಟ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತ. ಹೀಗೆ ಹಿಂದೆ ಹೋಗುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡೆಯಲು ಕಲಿತದ್ದೇ ಹಾಗೆ. ಮಾಷ್ಟ್ರು ಜತೆಗೆ ತಂದಿದ್ದ ತಂಬಿಗೆಯಿಂದ ಮುಟ್ಟಾಳೆಯ ಮೇಲೆ ನೀರು ಚಿಮುಕಿಸಿದರು. ಮುಟ್ಟಬಾರದವನ ಮುಟ್ಟಾಳೆಯನ್ನು ಮುಟ್ಟುವ ಮೊದಲು ಇಷ್ಟಾದರೂ ಆಗಬೇಕು. ಚಿಮುಕಿಸಿದ್ದು ಸಾಕೋ ಇಲ್ಲವೋ ಅಂತ ಸಂಶಯ ಬಂದು ಉಳಿದದ್ದನ್ನೂ ಹೊಯ್ದರು.

ಮರುದಿನ ಮಾಷ್ಟ್ರು ಮುಟ್ಟಾಳೆಯನ್ನು ಕೋಲಿನ ತುದಿಯಲ್ಲಿ ನೇತಾಡಿಸಿಕೊಂಡು ವಾಪಸು ಬಂದರು.

“ಕೆಲಸ ಕೆಟ್ಟಿತು ಮಾರಾಯ. ನೀರು ಬಿದ್ದು ಬೆವರಿನ ಉಪ್ಪುಗೆರೆ ಎಲ್ಲ ಹೋಗಿದೆ. ಈಗ ಅಂಗಡಿಯಿಂದ ತಂದ ಹಾಗೆ ಕಾಣ್ತದೆ ಅಂತ ರಾಯರು ಬೈದರು. ನಾಲ್ಕು ದಿನ ನೀನೇ ಇಟ್ಟು, ಪುನಃ ಬೆವರು ಹಿಡಿಸಿ ಕೊಡು.”

ತನಿಯ ನಾಲ್ಕು ದಿನ ಸಂಘಕ್ಕಾಗಿ ಬೆವರಿದ. ಬೆವರು ಸುರಿಸಿ ದುಡಿದವರು ಊರಲ್ಲಿ ಬಹಳ ಮಂದಿ ಇದ್ದಾರೆ. ಬೆವರನ್ನೇ ಆರ್ಡರಿನ ಮೇಲೆ ಮಾಡಿಕೊಟ್ಟವ ಅವನೊಬ್ಬನೇ.

ನಾಟಕದ ಹಿಂದೆ ಒಂದು ದೊಡ್ಡ ಆಲೋಚನೆ ಇತ್ತು. ಸಂಘಕ್ಕೆ ರಂಗಮಂದಿರ ಕಟ್ಟಬೇಕು. ಅದಕ್ಕೆ ಪದವಿನಲ್ಲಿ ಸರಕಾರಿ ಜಾಗ ಬೇಕು, ಸರಕಾರದ ಸಹಾಯವೂ ಬೇಕು. ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡುವ ಸಂಘಗಳಿಗೆ ಮೊದಲ ಪಾಲು ಅಂತ ಸುದ್ದಿ ಬಂದದ್ದೇ ತಡ, ರಾಯರಿಗೆ ಹದಿನೈದು ದಿನದಲ್ಲಿ ಅಸ್ಪೃಶ್ಯತೆಯ ಮೇಲೆ ಸಿಟ್ಟು ಬಂದುಬಿಟ್ಟಿತು. ಪುತ್ತೂರಿನಿಂದ ಅಧಿಕಾರಿಯೊಬ್ಬರು ನಾಟಕ ನೋಡಲಿಕ್ಕೆ ಬರುವುದು, ಅದೇ ವೇದಿಕೆಯಲ್ಲಿ ಸಂಘದ ಸಭೆ ನಡೆದು ಅರ್ಜಿಗೆ ಸಹಿ ಬೀಳುವುದು, ಅದೇ ದಿನ ಫೈಲು ಪುತ್ತೂರಿಗೆ ಮುಟ್ಟುವುದು. ಮಾರ್ಚ್ ಮೂವತ್ತೊಂದು ದಾಟಿದರೆ ಆ ವರ್ಷದ್ದು ಹೋಯಿತು. ಮುಂದಿನ ವರ್ಷ ಉಂಟು ಅಂತ ಯಾರೂ ಹೇಳಿರಲಿಲ್ಲ.

ತಾರೀಕು ಹದಿನಾರಕ್ಕೆ ಅಧಿಕಾರಿಯ ಕಾಗದ ಬಂತು. ‘ನಿಮ್ಮ ನಿಯಮಾವಳಿಯ ಹನ್ನೊಂದನೇ ಕಲಮಿನಂತೆ ಸ್ಥಾಪಕ ಸದಸ್ಯರು ಏಳೂ ಜನ ಹಾಜರಿರತಕ್ಕದ್ದು.’

ಆ ಕಲಮು ಬರೆದದ್ದು ರಾಯರೇ. ಸಂಘ ಹುಟ್ಟಿದಾಗ ಅವರಿಗೆ ಭಾವ ಮಹಾಲಿಂಗನ ಮೇಲೆ ಸಂಶಯ. ತಾನಿಲ್ಲದ ಹೊತ್ತಿನಲ್ಲಿ ನಾಲ್ಕು ಜನರನ್ನು ಸೇರಿಸಿ ಸಂಘದ ಆಸ್ತಿಯನ್ನು ಆಚೀಚೆ ಮಾಡಿಯಾನು ಅಂತ ಹೆದರಿ, ‘ಸ್ಥಿರಾಸ್ತಿ ಸಂಬಂಧ ಏನೇ ಆಗಬೇಕಾದರೂ ಏಳೂ ಸ್ಥಾಪಕರು ಒಂದೇ ಸಭೆಯಲ್ಲಿ ಒಟ್ಟಿಗೆ ಕುಳಿತು ಸಹಿ ಮಾಡತಕ್ಕದ್ದು, ಒಬ್ಬ ಎದ್ದು ಹೋದರೂ ಸಭೆ ಅಸಿಂಧು’ ಎಂದು ಬರೆಸಿದ್ದರು. ಆಗ ಸಂಘದ ಸ್ಥಿರಾಸ್ತಿ ಅಂತ ಇದ್ದದ್ದು ಒಂದು ಪರದೆ. ಅದೂ ಗಾಳಿ ಬಂದರೆ ಸ್ಥಿರ ಅಲ್ಲ.

ಮಾಷ್ಟ್ರು ಹಳೆಯ ಪುಸ್ತಕ ಬಿಡಿಸಿ ಸಹಿಗಳನ್ನು ಓದಿದರು. ರಾಯರು, ತಾನು, ಮೇದಪ್ಪ ಗೌಡರು, ಮತ್ತೆ ಮೂವರು. ಏಳನೆಯದ್ದು ನೀರು ಬಿದ್ದು ಹರಡಿದ ಸಹಿ. ಮಾಷ್ಟ್ರು ಕನ್ನಡಕ ಒರಸಿ ಪುನಃ ಓದಿದರು. ತನಿಯ.

ಹತ್ತು ವರ್ಷದ ಹಿಂದಿನ ಆ ವಿಜಯದಶಮಿಯ ದಿನವನ್ನು ಊರು ಮರೆತಿತ್ತು. ತನಿಯ ಮರೆತಿರಲಿಲ್ಲ. ಸಂಘ ನೋಂದಣಿಗೆ ಏಳು ಸಹಿ ಬೇಕು. ಮುಹೂರ್ತ ಹನ್ನೊಂದು ಮುಕ್ಕಾಲಕ್ಕೆ ಮುಗಿಯುತ್ತದೆ. ಹನ್ನೊಂದೂವರೆಗೆ ಸುದ್ದಿ ಬಂತು, ಏಳನೆಯವನಾದ ಮಹಾಲಿಂಗನಿಗೆ ಗಂಡು ಮಗು. ಮನೆಗೆ ಅಮೆ, ಅಂದರೆ ಹೆರಿಗೆಯ ಮೈಲಿಗೆ. ಹನ್ನೊಂದು ದಿನ ಅವನು ಶುಭಕಾರ್ಯಕ್ಕೆ ಸೇರುವ ಹಾಗಿಲ್ಲ. ಮಗುವಿನ ಮೈಲಿಗೆ ಹೊತ್ತವನು ಸಹಿ ಹಾಕಿದರೆ ಸಂಘಕ್ಕೆ ಏಳಿಗೆ ಉಂಟಾ? ಅಡುಗೆಯವನಿಗೆ ಅಕ್ಷರ ಬಾರದು. ಬೆಲ್ಲದ ಮೂಟೆ ಇಳಿಸಲಿಕ್ಕೆ ಬಂದಿದ್ದ ಅಂಗಡಿಯ ಅದ್ದು ಬ್ಯಾರಿಯನ್ನು ಕೇಳಿದರು. “ನನ್ನನ್ನು ಬಿಡಿ ಮಾರಾಯ್ರೆ. ಅಂಗಡಿ ಲೈಸೆನ್ಸಿಗೆ ಹಾಕಿದ ಒಂದು ಸಹಿಯಿಂದಲೇ ನನಗೆ ನಿದ್ರೆ ಇಲ್ಲ,” ಅಂದ ಅದ್ದು.

ಅಂಗಳದ ಆಚೆ ತನಿಯ ಊಟದ ಅಡುಗೆಗೆ ಸೌದೆ ಒಡೆಯುತ್ತಿದ್ದ. ಪಂಚಮರ ಶಾಲೆಯಲ್ಲಿ ಮೂರು ವರ್ಷ ಕೂತು ಅಕ್ಷರ ಕಲಿತವ. ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. ಕಾಗದವನ್ನು ನೆಲದ ಮೇಲಿಟ್ಟು ಅದರ ಮೇಲೊಂದು ಕಲ್ಲಿಟ್ಟರು. ಎಲ್ಲರೂ ಹಿಂದೆ ಸರಿದರು. ತನಿಯ ಕುಕ್ಕರುಗಾಲಲ್ಲಿ ಕೂತು ಹೆಸರು ಬರೆದ. ಅವನು ಎದ್ದುಹೋದ ಮೇಲೆ ಕಾಗದಕ್ಕೆ ನೀರು ಚಿಮುಕಿಸಿದರು. ಶಾಯಿ ಹರಡಿತು. ಅವನಿಗೆ ಊಟ ತೋಟದ ಅಂಚಿನಲ್ಲಿ, ಎಲ್ಲರದ್ದೂ ಆದ ಮೇಲೆ. ಹೀಗೆ ಒಂದು ಮೈಲಿಗೆಯಿಂದ ಸಂಘವನ್ನು ಪಾರು ಮಾಡಲಿಕ್ಕೆ ಹೋಗಿ ಇನ್ನೊಂದು ಮೈಲಿಗೆಯನ್ನೇ ಸ್ಥಾಪಕ ಮಾಡಿದರು. ಆಮೇಲೆ ಸ್ಥಾಪಕನ ಜ್ಞಾಪಕ ಯಾರಿಗೂ ಬರಲಿಲ್ಲ.

ಈಗ ಬಂತು. ಇಪ್ಪತ್ತಮೂರರ ಸಂಜೆ ಮಾಷ್ಟ್ರು ತನಿಯನ ಗುಡಿಸಲಿಗೆ ಬಂದು ಸಭೆಯ ನೋಟೀಸನ್ನು ಬಾವಿಕಟ್ಟೆಯ ಮೇಲಿಟ್ಟರು. ನೋಟೀಸಿನ ಒಟ್ಟಿಗೆ ಜಾಗದ ನಕ್ಷೆ. ತನಿಯನ ಮುಖ ನೋಡದೆ ಹೇಳಿದರು, “ಓದು. ಓದಿ ಎಂತ ಅಂತ ಗೊತ್ತಾದರೆ ನನ್ನತ್ರ ಕೇಳ್ಬೇಡ. ನಕ್ಷೆ ಬರೆದದ್ದು ನಾನು. ಬರೆಯಿ ಅಂದರು, ಬರೆದೆ.”

“ಕೂತ್ಕೊಳ್ಳಿ ಮಾಷ್ಟ್ರೆ.”

“ಇಲ್ಲ, ಹೊತ್ತಾಯ್ತು,” ಅಂದರು ಮಾಷ್ಟ್ರು. ಹೊತ್ತು ಬೇಕಾದಷ್ಟಿತ್ತು.

ತನಿಯ ಬೆರಳಿಟ್ಟು ಓದಿದ. ಹೆಂಡತಿ ಬಾಗಿ ಪಕ್ಕದಲ್ಲಿ ನಿಂತು ಕೇಳಿದಳು. ಬಾಗಿ ಹೆಸರಿಗೆ ಮಾತ್ರ ಬಾಗಿ.

“ಎಂತ ಬರೆದಿದ್ದಾರೆ?”

“ಒಂದನೇ ಗೆರೆ ರಂಗಮಂದಿರ. ಎರಡನೇದು ಬಣ್ಣ ಹಚ್ಚುವ ಕೋಣೆ. ಮೂರನೇದು...” ತನಿಯ ಬೆರಳನ್ನು ಹಿಂದೆ ತಂದು ಪುನಃ ಓದಿದ. “ಸದರಿ ಜಾಗದಲ್ಲಿರುವ ಗುಡಿಸಲನ್ನು ತೆಗೆಸುವುದು.”

“ಯಾರ ಗುಡಿಸಲು?”

“ಇಲ್ಲಿ ಎಷ್ಟು ಗುಡಿಸಲು ಉಂಟು?”

ತನಿಯ ಬೆರಳನ್ನು ಕೆಳಗೆ ಸರಿಸಿದ.

“ನಾಲ್ಕನೇ ಗೆರೆ. ಸದರಿ ಬಾವಿಯನ್ನು ಶುದ್ಧೀಕರಿಸಿ ಕಲಾವಿದರ ಉಪಯೋಗಕ್ಕೆ ಬಿಡುವುದು.”

ಬಾಗಿ ಬಾವಿಯ ಕಡೆ ತಿರುಗಿದಳು. ಗುಡಿಸಲು ಹೋದರೆ ಹೋಯಿತು. ಸೋಗೆ, ಬಿದಿರು, ನಾಲ್ಕು ದಿನದ ಕೆಲಸ. ಬಾವಿ ಹಾಗಲ್ಲ. ಎರಡು ಬೇಸಿಗೆ ತೋಡಿದ್ದು. ಹಗಲು ಧಣಿಗಳ ತೋಟದಲ್ಲಿ ದುಡಿದು, ಸಂಜೆ ಬೆಳಕಿರುವಷ್ಟು ಹೊತ್ತು ಪಿಕ್ಕಾಸು ಹಿಡಿದು. ತನಿಯ ಒಳಗೆ, ಬಾಗಿ ಮೇಲೆ. ಬುಟ್ಟಿ ಬುಟ್ಟಿ ಮಣ್ಣನ್ನು ಅವಳೇ ಎಳೆದಳು. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಬಂತು. ಒಂಬತ್ತನೇ ಕೋಲಿನ ಆಳದಲ್ಲಿ ಕಲ್ಲು ಜಾರಿ ತನಿಯನ ಎಡಗಾಲಿನ ಮೇಲೆ ಬಿತ್ತು. ಹನ್ನೆರಡನೇ ಕೋಲಿನಲ್ಲಿ ನೀರು ಸಿಕ್ಕಿತು. ಅದಕ್ಕೆ ಮೊದಲು ಬೇಸಿಗೆ ಬಂದರೆ ಬಾಗಿ ಕೊಡಪಾನ ಹಿಡಿದು ರಾಯರ ಬಾವಿಯಿಂದ ಇಪ್ಪತ್ತು ಮಾರು ದೂರ ನಿಲ್ಲುತ್ತಿದ್ದಳು. ಯಾರಾದರೂ ಬಂದು ಹೊಯ್ಯಬೇಕು. ಹೊಯ್ಯುವವರಿಗೆ ಪುರುಸೊತ್ತು ಇಲ್ಲದಿದ್ದರೆ ಖಾಲಿ ಕೊಡಪಾನ ವಾಪಸು.

“ನಮ್ಮ ನೀರು ಅವರಿಗೆ ಆಗ್ತದಾ?” ಬಾಗಿ ಕೇಳಿದಳು.

“ಶುದ್ಧ ಮಾಡ್ತಾರಂತೆ.”

“ನಿನ್ನ ಎರಡು ಬೆರಳು ಆ ಬುಡದಲ್ಲಿ ಉಂಟು. ಅದನ್ನು ಹೇಗೆ ಶುದ್ಧ ಮಾಡ್ತಾರೆ ಅಂತ ಕೇಳು.”

ಮರುದಿನ ತನಿಯ ರಾಯರ ಅಂಗಳದ ಕೆಳಗೆ ನಿಂತ. ರಾಯರು ಜಗಲಿಯಲ್ಲಿ ಪಾತ್ರದ ಮಾತು ಬಾಯಿಪಾಠ ಮಾಡುತ್ತಿದ್ದರು. “ಹೇ ಸಮಾಜವೇ, ನನ್ನ ಬಾಯಾರಿಕೆಗೆ ಜಾತಿ ಉಂಟೇ?” ಎಂದು ಕಂಬಕ್ಕೆ ಕೇಳಿ, ತನಿಯನನ್ನು ಕಂಡು ನಿಲ್ಲಿಸಿದರು.

“ಎಂತ?”

“ಧಣಿ, ಬಾವಿ ಒಂದು ಬಿಟ್ಟು ನಕ್ಷೆ ಮಾಡಿದರೆ... ಪದವು ದೊಡ್ಡದುಂಟು.”

“ಅಲ್ಲ ತನಿಯ, ಕಲೆಗಾಗಿ ತ್ಯಾಗ ಮಾಡುದು ಅಂದರೆ ಎಂತ ಅಂತ ನಿನಗೆ ಗೊತ್ತುಂಟಾ? ನಾನೇ ಈ ಪ್ರಾಯದಲ್ಲಿ ಮುಖಕ್ಕೆ ಮಸಿ ಹಚ್ಚಿಕೊಳ್ತೇನೆ. ನಿನ್ನ ಜನಕ್ಕಾಗಿ. ನೀನು ಒಂದು ಬಾವಿ ಬಿಡ್ಲಿಕ್ಕೆ ಹಿಂದೆಮುಂದೆ ನೋಡ್ತೀಯಾ?”

“ಕುಡಿಲಿಕ್ಕೆ ಬೇರೆ ನೀರಿಲ್ಲ ಧಣಿ.”

“ಹೊಳೆಬದಿಯಲ್ಲಿ ಜಾಗ ಕೊಡಿಸುವ. ನೀರೇ ನೀರು.”

ನೀರೇ ನೀರು ಎಂಬುದು ಸರಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಅಲ್ಲಿ ಗುಡಿಸಲ ಮಾಡಿನ ಮೇಲೂ ನೀರು ಇರುತ್ತದೆ. ತನಿಯ ಕೆಲಸಕ್ಕೆ ಹೋದ. ಆ ದಿನ ಕೆಲಸ ಅಲ್ಲೇ ಇತ್ತು, ಜಗಲಿಯ ಪಕ್ಕದಲ್ಲಿ ಅಧಿಕಾರಿಯ ಊಟಕ್ಕೆ ಚಪ್ಪರ ಹಾಕಲು ಗುಂಡಿ ತೋಡುವುದು. ಹಾಗಾಗಿ ಮಧ್ಯಾಹ್ನದ ಮೇಲೆ ಸಮಿತಿ ಸೇರಿದಾಗ ಎಲ್ಲ ಮಾತೂ ಅವನಿಗೆ ಕೇಳಿತು. ಕೇಳುತ್ತದೆ ಅಂತ ಯಾರಿಗೂ ತೋರಲಿಲ್ಲ. ಗುಂಡಿ ತೋಡುವವನಿಗೆ ಕಿವಿ ಇರುವುದು ವಾಡಿಕೆಯಲ್ಲ.

ಚರ್ಚೆಯ ವಿಷಯ: ತನಿಯನನ್ನು ಸಭೆಯಲ್ಲಿ ಕೂರಿಸುವುದು ಧರ್ಮವೋ ಅಧರ್ಮವೋ.

“ಅವನು ಸತ್ತಿದ್ದಾನೆ ಅಂತ ಬರೆದರೆ ಆಗುದಿಲ್ವಾ?” ಅಂದ ಮಹಾಲಿಂಗ. ಅವನು ಸ್ಥಾಪಕ ಅಲ್ಲ, ಬರೀ ಸದಸ್ಯ. ಹತ್ತು ವರ್ಷದಿಂದ ಆ ಹೊಟ್ಟೆಕಿಚ್ಚು ಉಂಟು.

“ಅಲ್ಲಿ ಗುಂಡಿ ತೋಡ್ತಾ ಇದ್ದಾನೆ ಮಾರಾಯ,” ಅಂದರು ಮೇದಪ್ಪ ಗೌಡರು.

“ಹಾಗಾದರೆ ಅವನ ಸಹಿ ನಾನೇ ಹಾಕ್ತೇನೆ. ನ್ಯಾಯವಾಗಿ ಆ ಜಾಗ ನನ್ನದೇ.”

“ಅದು ಕಳ್ಳ ಸಹಿ. ನನ್ನ ಮಾಷ್ಟ್ರಿಕೆ ಹೋಗ್ತದೆ,” ಅಂದರು ಕೃಷ್ಣಮೋಹನ ಮಾಷ್ಟ್ರು. ಮತ್ತೆ ಸಣ್ಣ ಸ್ವರದಲ್ಲಿ, “ಬಾವಿ ಬಿಟ್ಟು ನಕ್ಷೆ ಮಾಡಿದರೆ ಅವನು ಸುಮ್ಮನೆ ಸಹಿ ಹಾಕ್ತಾನೆ. ಅದು ಸರಿಯೂ ಹೌದು,” ಅಂದರು.

“ಸರಿ ಯಾವುದು ಅಂತ ನಿನ್ನತ್ರ ಯಾರು ಕೇಳಿದರು? ಕಲಾವಿದರಿಗೆ ನೀರು ಬೇಡ್ವಾ?” ರಾಯರ ಸ್ವರ ಏರಿತು. “ಅವನನ್ನು ಸಂಘದಿಂದ ತೆಗೆದರೆ ಹೇಗೆ?”

ಮಾಷ್ಟ್ರು ನಿಯಮಾವಳಿ ನೋಡಿದರು. “ಸ್ಥಾಪಕನನ್ನು ತೆಗೀಲಿಕ್ಕೂ ಏಳೂ ಜನ ಸಹಿ ಹಾಕ್ಬೇಕು. ಅವನೂ ಸೇರಿ.”

ಎಲ್ಲರೂ ಸ್ವಲ್ಪ ಹೊತ್ತು ಎಲೆಅಡಿಕೆ ಅಗಿದರು. ಧರ್ಮಸೂಕ್ಷ್ಮ ಅಂದರೆ ಅಷ್ಟು ಬೇಗ ನುಂಗಲಿಕ್ಕೆ ಆಗುವುದಿಲ್ಲ. ಕೊನೆಗೆ ರಾಯರೇ ದಾರಿ ಕಂಡುಹಿಡಿದರು.

“ಸಭೆ ನಡೆಯುದು ವೇದಿಕೆಯಲ್ಲಿ ಅಲ್ವಾ? ವೇದಿಕೆಯಲ್ಲಿ ನಡೆದದ್ದೆಲ್ಲ ನಾಟಕ. ನಾಟಕದಲ್ಲಿ ನಾನು ಅವನ ಜನದವ ಆಗಬಹುದಾದರೆ, ಐದು ನಿಮಿಷ ಅವನು ನಮ್ಮವ ಆದರೆ ಎಂತ ದೋಷ? ಐದೇ ನಿಮಿಷ. ಆಮೇಲೆ ಎಲ್ಲರಿಗೂ ಸ್ನಾನ. ಹಂಡೆಗೆ ಬೆಂಕಿ ಹಾಕಿಸಿಡುವ.”

ಠರಾವು ಪಾಸಾಯಿತು. ಹಂಡೆಗೆ ಬೇಕಾದ ಸೌದೆ ಒಡೆಯುವ ಕೆಲಸವೂ ತನಿಯನಿಗೇ ಬಂತು.

ಮೂವತ್ತೊಂದು ಮಂಗಳವಾರ. ಬಿಸಿಲು ಪದವಿನ ಕಲ್ಲನ್ನು ಕಾಯಿಸಿತ್ತು. ಅಧಿಕಾರಿಗೆ ಸಂಜೆ ಐದೂವರೆಯ ಕೊನೆಯ ಬಸ್ಸು ಹಿಡಿಯಬೇಕಾದ ಕಾರಣ ನಾಟಕ ಮಧ್ಯಾಹ್ನ ಎರಡಕ್ಕೇ ಸುರು. ವೇದಿಕೆಗೆ ಹಿಂದಿನ ದಿನವೇ ಸೆಗಣಿ ಸಾರಿಸಿ ಶುದ್ಧ ಮಾಡಿದ್ದರು. ಇನ್ನೂರು ಕಲ್ಲು ಜೋಡಿಸಿದವನಿಗೆ ಆಮೇಲೆ ಅದರ ಹತ್ತಿರ ಹೋಗಲಿಕ್ಕಿಲ್ಲ. ಎದುರಿಗೆ ಕುರ್ಚಿ, ಕುರ್ಚಿಯ ಹಿಂದೆ ಬೆಂಚು, ಬೆಂಚಿನ ಹಿಂದೆ ಚಾಪೆ. ಚಾಪೆಯ ಹಿಂದೆ ಒಂದು ಹಗ್ಗ. ಹಗ್ಗದ ಆಚೆ ಗೇರುಮರದ ಬುಡದಲ್ಲಿ ತನಿಯನ ಜನ. ಬಾಗಿ ತನ್ನ ಬಾವಿಯ ನೀರು ತುಂಬಿದ ಕೊಡಪಾನ ಇಟ್ಟುಕೊಂಡು ಕೂತಿದ್ದಳು.

ರಾಯರು ಬಂದರು. ಮುಖಕ್ಕೆ ಮಸಿ, ಸೊಂಟಕ್ಕೆ ತುಂಡು ಬಟ್ಟೆ, ತಲೆಗೆ ತನಿಯನ ಮುಟ್ಟಾಳೆ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ರಾಯರು ಹೊರೆ ಹೊತ್ತರು. ಹೊರೆಯಲ್ಲಿ ಹತ್ತಿ ಇತ್ತು.

“ಅಯ್ಯೋ, ಹೊರೆ ಹೊತ್ತವ ಹಾಗೆ ನಡೀತಾನಾ?” ಅಂದಳು ಬಾಗಿ. “ಇದು ಹೊಟ್ಟೆ ಹೊತ್ತವನ ನಡಿಗೆ.”

ಗೇರುಮರದ ಬುಡದಲ್ಲಿ ನಗು. ಚಾಪೆಯವರು ತಿರುಗಿ “ಶ್ಶ್” ಅಂದರು. ಎರಡನೇ ಅಂಕದಲ್ಲಿ ರಾಯರು ಮೇಲ್ಜಾತಿಯವರ ಬಾವಿಯ ಎದುರು ನಿಂತು “ಹೇ ಸಮಾಜವೇ, ನನ್ನ ಬಾಯಾರಿಕೆಗೆ ಜಾತಿ ಉಂಟೇ?” ಎಂದು ಕೇಳಿ ಅತ್ತರು. ನಿಜವಾಗಿ ಅತ್ತರು. ಕಣ್ಣೀರಿಗೆ ಮಸಿ ಇಳಿಯಿತು. ಅಧಿಕಾರಿಯೂ ಕರವಸ್ತ್ರ ತೆಗೆದರು. ತನಿಯ ನೋಡುತ್ತಿದ್ದ. ಅವನಿಗೆ ಅಳು ಬರಲಿಲ್ಲ. ತನ್ನ ಬೆವರನ್ನು ತಲೆಗಿಟ್ಟು, ತನ್ನ ಬಾಯಾರಿಕೆಯನ್ನು ಬಾಯಲ್ಲಿಟ್ಟು, ಈ ಮನುಷ್ಯ ತನ್ನ ಬಾವಿಯನ್ನು ಕೇಳುತ್ತಿದ್ದಾನೆ.

ನಾಲ್ಕೂವರೆಗೆ ಸಮತೆಯ ಸೂರ್ಯ ಉದಯಿಸಿದ. ಪರದೆ ಬಿತ್ತು, ಎದ್ದಿತು. ವೇದಿಕೆಯಲ್ಲಿ ಏಳು ಕುರ್ಚಿ. ಆರು ಮರದ್ದು. ಏಳನೇದು ಅದ್ದು ಬ್ಯಾರಿಯ ಅಂಗಡಿಯಿಂದ ತಂದ ತಗಡಿನದ್ದು, ತೊಳೆಯಲಿಕ್ಕೆ ಸುಲಭ ಅಂತ. ರಾಯರು ವೇಷದಲ್ಲೇ ಕೂತರು. ಮಾಷ್ಟ್ರು ಹೆಸರು ಕರೆದರು. ಏಳನೇ ಹೆಸರಿಗೆ ತನಿಯ ಹಗ್ಗ ದಾಟಿದ. ಚಾಪೆಯವರು ಮೈ ಸರಿಸಿದರು. ಬೆಂಚಿನವರು ಕಾಲು ಎತ್ತಿದರು. ಮೆಟ್ಟಿಲ ಬದಿಯಲ್ಲಿ ನಿಂತಿದ್ದ ಅದ್ದು ಮೆಲ್ಲಗೆ, “ಗಟ್ಟಿ ಕೂತುಕೋ ತನಿಯಾ. ನನ್ನ ಕುರ್ಚಿ ಮುರಿಯುದಿಲ್ಲ,” ಅಂದ.

ತನಿಯ ಕೂತ. ಜೀವಮಾನದಲ್ಲಿ ಮೊದಲ ಸಲ. ಕುರ್ಚಿಯಲ್ಲಿ ಕೂತರೆ ಕಾಲು ಎಲ್ಲಿಡುವುದು ಅಂತ ಗೊತ್ತಿರಲಿಲ್ಲ. ಎರಡು ಬೆರಳಿಲ್ಲದ ಪಾದವನ್ನು ಎದುರಿಗೇ ಇಟ್ಟ.

ಕಾಗದ ಒಬ್ಬೊಬ್ಬರ ಕೈಯಿಂದ ಬಂತು. ಆರು ಸಹಿ ಬಿತ್ತು. ಆರನೆಯವರಾದ ಮೇದ‍ಪ್ಪ ಗೌಡರು ಅದನ್ನು ತನಿಯನ ಕೈಗೆ ಕೊಡಲಿಲ್ಲ. ಕಾಲಬುಡದಲ್ಲಿ ಇಟ್ಟರು. ಹತ್ತು ವರ್ಷದ ಹಿಂದಿನ ಹಾಗೆಯೇ. ಅಧಿಕಾರಿ ಹುಬ್ಬು ಗಂಟಿಕ್ಕಿದರು.

ತನಿಯ ಎತ್ತಿಕೊಂಡು ಓದಿದ. ಒಂದು, ಎರಡು, ಮೂರು. ನಾಲ್ಕು. ಅಧಿಕಾರಿಯನ್ನು ನೋಡಿ ಹೇಳಿದ, “ಸಾಹೇಬ್ರೆ, ಇದರಲ್ಲಿ ಮೂರನೇ ಗೆರೆ, ನಾಲ್ಕನೇ ಗೆರೆ ತೆಗೀಬೇಕು. ಆ ಗುಡಿಸಲು ನನ್ನದು. ಬಾವಿಯೂ ನನ್ನದೇ. ನಾನೇ ತೋಡಿದ್ದು.”

“ಏನ್ರೀ ಇದು?” ಅಧಿಕಾರಿ ರಾಯರತ್ತ ತಿರುಗಿದರು. “ಜಾಗ ಖಾಲಿ ಅಂತ ಬರೆದಿದ್ದೀರಲ್ಲ?”

“ಹೇಗೂ ಖಾಲಿ ಆಗ್ತದಲ್ಲ ಸರ್,” ಅಂದರು ರಾಯರು. ಮಸಿಯ ಕೆಳಗೆ ಮುಖ ಕೆಂಪಾದದ್ದು ಕಾಣಲಿಲ್ಲ. ತನಿಯನ ಕಡೆ ಬಗ್ಗಿ ಹಲ್ಲು ಕಚ್ಚಿ ಹೇಳಿದರು, “ಮೊದಲು ಸಹಿ ಹಾಕು. ಆಮೇಲೆ ನೋಡುವ. ಐದು ನಿಮಿಷ ಆಯ್ತು.”

ಕೆಳಗಿನಿಂದ ಮಹಾಲಿಂಗ ಕೂಗಿದ. “ಕುರ್ಚಿ ಕೊಟ್ಟದ್ದೇ ಹೆಚ್ಚಾಯ್ತು! ಸಹಿ ಹಾಕಿ ಇಳಿ. ನಿನ್ನ ಜಾಗ ಎಲ್ಲಿ ಅಂತ ಗೊತ್ತುಂಟಲ್ಲ?”

ತನಿಯ ಕಾಗದವನ್ನು ಮಡಚಲಿಲ್ಲ, ಹರಿಯಲಿಲ್ಲ. ಕುರ್ಚಿಯ ಮೇಲಿಟ್ಟ.

“ಗೊತ್ತುಂಟು ಧಣಿ.”

ಎದ್ದ. ಮೆಟ್ಟಿಲು ಇಳಿದ. ಕುರ್ಚಿ ದಾಟಿದ, ಬೆಂಚು ದಾಟಿದ, ಚಾಪೆ ದಾಟಿದ. ಹಗ್ಗ ದಾಟಿ ಗೇರುಮರದ ಬುಡದಲ್ಲಿ ಬಾಗಿಯ ಪಕ್ಕ ಕೂತ. ನಾಳೆಯಿಂದ ಈ ಊರಿನ ಒಂದು ತೋಟದಿಂದಲೂ ಕರೆ ಬರುವುದಿಲ್ಲ. ಅದೂ ಗೊತ್ತಿತ್ತು. ಬಾಗಿ ಅವನ ಕೈ ನೋಡಿದಳು. ನಡುಗುತ್ತಿತ್ತು. “ಸಹಿ ಹಾಕಿದ್ದರೂ ನಡುಗುತ್ತಿತ್ತು,” ಅಂದಳು.

ವೇದಿಕೆಯಲ್ಲಿ ಅಧಿಕಾರಿ ನಿಯಮಾವಳಿ ತೆಗೆದು ಗಟ್ಟಿಯಾಗಿ ಓದಿದರು. “ಹನ್ನೊಂದನೇ ಕಲಮು. ಏಳೂ ಸ್ಥಾಪಕರು ಒಂದೇ ಸಭೆಯಲ್ಲಿ ಒಟ್ಟಿಗೆ ಕುಳಿತು. ಒಬ್ಬ ಎದ್ದು ಹೋದರೂ ಸಭೆ ಅಸಿಂಧು. ಯಾರ್ರೀ ಇದನ್ನ ಬರೆದೋರು?”

ಐವರು ರಾಯರ ಕಡೆ ನೋಡಿದರು. ರಾಯರು ವೇದಿಕೆಯ ಅಂಚಿಗೆ ಬಂದು ಕೂಗಿದರು. “ತನಿಯಾ, ಬಾ ಮಾರಾಯ. ಮೇಲೆ ಬಾ.”

ರಾಯರು ತನಿಯನನ್ನು ಮೇಲೆ ಕರೆದದ್ದು ಅದೇ ಮೊದಲು. ತನಿಯ ಕೂತಲ್ಲಿಂದಲೇ ಹೇಳಿದ, “ಗೆರೆ ತೆಗೀರಿ ಧಣಿ, ಬರ್ತೇನೆ. ಅಥವಾ ನೀವೇ ಇಲ್ಲಿ ಬನ್ನಿ, ಮಾತಾಡುವ.”

“ಅದೂ ಆಗುತ್ತೆ,” ಅಂದರು ಅಧಿಕಾರಿ, ಗಡಿಯಾರ ನೋಡುತ್ತ. “ಸಭೆ ಇಂಥ ಕಡೆಯೇ ಅಂತ ಏನಿಲ್ಲ. ನೀವು ಆರು ಜನ ಅಲ್ಲಿ ಹೋಗಿ ಕೂತ್ಕೊಳ್ಳಿ. ಏಳು ಜನ ಒಟ್ಟಿಗಿದ್ದರೆ ಸಭೆ. ಇನ್ನು ಹತ್ತು ನಿಮಿಷ ಇದೆ.”

ಆರು ಜನ ವೇದಿಕೆ ಇಳಿದರು. ಚಾಪೆಯವರೆಗೆ ಬಂದರು. ಹಗ್ಗದ ಹತ್ತಿರ ನಿಂತರು. ಮಾಷ್ಟ್ರು ಒಂದು ಕಾಲು ಎತ್ತಿದರು. ಹಿಂದಿನಿಂದ ಯಾರೋ “ಮಾಷ್ಟ್ರೇ!” ಅಂದರು. ಎತ್ತಿದ ಕಾಲು ಈಚೆಯೇ ಇಳಿಯಿತು. ಮಾಷ್ಟ್ರು ತನಿಯನ ಮುಖ ನೋಡಲಿಲ್ಲ.

ರಾಯರು ಹಗ್ಗ ಹಿಡಿದು ಮೇಲೆತ್ತಿದರು. ರಂಗಮಂದಿರ ಕಣ್ಣೆದುರಿಗಿತ್ತು. ಬಗ್ಗಿದರು. ಆಗ ಮಹಾಲಿಂಗ ಕಿವಿಯ ಹತ್ತಿರ ಬಂದ. “ಭಾವಾ, ನಾಡಿದ್ದು ನಿಮ್ಮ ಅಮ್ಮನ ತಿಥಿ. ವೇದಿಕೆಯಲ್ಲಾದರೆ ನಾಟಕ ಅಂತ ಹೇಳಬಹುದಿತ್ತು. ಇದು ನೆಲ. ಭಟ್ಟರು ಬರ್ಲಿಕ್ಕಿಲ್ಲ.”

ರಾಯರ ಕೈಯಿಂದ ಹಗ್ಗ ಜಾರಿತು. ಎರಡೂವರೆ ಗಂಟೆ ಹೊತ್ತು ಇಡೀ ಊರಿಗೆ ಸಮತೆ ಬೋಧಿಸಿದ ಮನುಷ್ಯ, ಬೆರಳು ದಪ್ಪದ ತೆಂಗಿನನಾರಿನ ಹಗ್ಗದ ಎದುರು ನಿಂತುಕೊಂಡಿದ್ದರು. ಕೋಪ ಎಲ್ಲಿ ತೀರಿಸುವುದು ಅಂತ ತಿಳಿಯದೆ ತಲೆಯ ಮುಟ್ಟಾಳೆ ಕಿತ್ತು ಆಚೆಗೆ ಎಸೆದರು.

“ತಕ್ಕೋ ನಿನ್ನ ಕೊಳಕು! ನಾಳೆಯಿಂದ ನನ್ನ ತೋಟಕ್ಕೆ ಕಾಲಿಟ್ಟರೆ ನೋಡು.”

ಮುಟ್ಟಾಳೆ ಉರುಳಿ ತನಿಯನ ಕಾಲಬುಡಕ್ಕೆ ಬಂತು. ಅವನು ಕೈ ಚಾಚಿದ. ಬಾಗಿ ತಡೆದಳು.

“ನಿಲ್ಲು. ಯಾರ್ಯಾರ ತಲೆಗೆ ಹೋಗಿ ಬಂದದ್ದು ಅದು!”

ಕೊಡಪಾನದಿಂದ ಒಂದು ಬೊಗಸೆ ನೀರು ತೆಗೆದು, ಎಲ್ಲರೂ ನೋಡುವ ಹಾಗೆ, ಮುಟ್ಟಾಳೆಯ ಮೇಲೆ ಚಿಮುಕಿಸಿದಳು. ಸಾಕೋ ಇಲ್ಲವೋ ಅಂತ ಇನ್ನೊಂದು ಬೊಗಸೆ ಹೊಯ್ದಳು. ಗೇರುಮರದ ಬುಡದಲ್ಲಿ ಯಾರೂ ನಗಲಿಲ್ಲ. ತನಿಯ ಒದ್ದೆ ಮುಟ್ಟಾಳೆಯನ್ನು ತಲೆಗಿಟ್ಟ. ಹಣೆಯ ಮೇಲೆ ಇಳಿದ ನೀರನ್ನು ಒರಸಿಕೊಳ್ಳಲಿಲ್ಲ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ರಾಯರ ಮನೆಯ ಕಡೆ ಹಂಡೆಯ ಹೊಗೆ ಏಳುತ್ತಿತ್ತು. ಅಧಿಕಾರಿ ಖಾಲಿ ಬಿದ್ದ ತಗಡಿನ ಕುರ್ಚಿಯಲ್ಲಿ ಕೂತು, ಫೈಲನ್ನು ತೊಡೆಯ ಮೇಲಿಟ್ಟು, ಪೆನ್ನು ಬಿಚ್ಚಿ ಬರೆದರು:

‘ಹಗ್ಗದ ಈಚೆ ಆರು. ಹಗ್ಗದ ಆಚೆ ಒಂದು. ಕೋರಂ ಇಲ್ಲ.’